ನಿಕಾನ್ ಡಿ5600 ಕೊಳ್ಳಲೋ, ಡಿ7200 ಕೊಳ್ಳಲೋ?

ಸುಲ್ತಾನ್ ಬತ್ತೇರಿ: ಓಣಂ ಹತ್ತಿರವಾದಂತೆ ಗುಂಡ್ಲುಪೇಟೆಯ ಚೆಂಡುಹೂ, ಸೂರ್ಯಕಾಂತಿ ಹೊಲಗಳ ಬದಿಯಲ್ಲಿ ಕೇರಳದ ಕಾರುಗಳು ಸಾಲುಗಟ್ಟುತ್ತವೆ. ಎಲ್ಲರ ಕೈಯಲ್ಲೂ ಮೊಬೈಲು. ಆದರೂ ಒಂದು 'ನಿಜವಾದ' ಕ್ಯಾಮೆರಾ ಬೇಕೆಂಬ ಆಸೆ ನಮ್ಮ ಗಡಿ ಊರುಗಳಲ್ಲಿ ಸತ್ತಿಲ್ಲ. ಕಾಫಿ ಮಾರಿದ ದುಡ್ಡಿನಲ್ಲಿ ಸ್ವಲ್ಪ ಉಳಿಸಿಕೊಂಡ ಪರಿಚಯದ ಹುಡುಗನೊಬ್ಬ ಮೊನ್ನೆ ಎರಡು ಹೆಸರು ಹಿಡಿದು ಬಂದ. "ಸಾರ್, ಡಿ5600 ತಗೊಳ್ಳಲಾ, ಡಿ7200 ತಗೊಳ್ಳಲಾ? ದುಡ್ಡು ಒಂದೇ ಸಲ ಇರೋದು."

ಅವನಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಮೊದಲು ಒಂದು ಮಾತು. ಎರಡೂ ಹಳೆಯ ಮಾದರಿಗಳು. ಡಿ7200 ಬಂದದ್ದು 2015ರಲ್ಲಿ, ಡಿ5600 ಬಂದದ್ದು 2016ರಲ್ಲಿ. ನಿಕಾನ್ 2018ರಿಂದ ಕನ್ನಡಿಯಿಲ್ಲದ 'ಝಡ್' ಕ್ಯಾಮೆರಾಗಳ ಕಡೆಗೆ ಹೊರಳಿದೆ. ಹಾಗಾಗಿ ಈ ಎರಡನ್ನೂ ಸೆಕೆಂಡ್‌ಹ್ಯಾಂಡ್ ಎಂದೇ ತಿಳಿದು ಹುಡುಕಬೇಕು. ಮನೆಯ ಫೋಟೋ, ಹಬ್ಬ, ಮಕ್ಕಳು, ತೋಟ ಇಷ್ಟಕ್ಕೆ ಇವು ಇಂದಿಗೂ ಧಾರಾಳ ಸಾಕು.

ಚಿತ್ರದಲ್ಲಿ ವ್ಯತ್ಯಾಸ ಇದೆಯೇ?

ಹೆಚ್ಚುಕಡಿಮೆ ಇಲ್ಲ. ಎರಡರಲ್ಲೂ 24.2 ಮೆಗಾಪಿಕ್ಸೆಲ್, ಒಂದೇ ಅಳತೆಯ ಸೆನ್ಸರ್. ಒಂದೇ ಲೆನ್ಸ್ ಹಾಕಿ ತೆಗೆದ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದ್ದೆಂದು ಹೇಳುವುದು ಕಷ್ಟ. 'ದೊಡ್ಡ ಕ್ಯಾಮೆರಾದಲ್ಲಿ ಕ್ಲಿಯರ್ ಬರುತ್ತದೆ' ಎಂಬ ಮಾತನ್ನು ಇಲ್ಲಿ ನಂಬಬೇಡಿ. ವ್ಯತ್ಯಾಸ ಇರುವುದು ಬೇರೆ ಕಡೆ.

ಒಂದು, ತೂಕ. ಬ್ಯಾಟರಿ, ಕಾರ್ಡು ಸೇರಿ ಡಿ5600 ಬರೀ 465 ಗ್ರಾಂ. ಡಿ7200 ಆದರೆ 765 ಗ್ರಾಂ. ಮುನ್ನೂರು ಗ್ರಾಂ ಏನು ಮಹಾ ಎನ್ನಬೇಡಿ. ಎಡಕಲ್ಲು ಗುಹೆಗೆ ಮೆಟ್ಟಿಲು ಹತ್ತಿ ಇಳಿದ ಮೇಲೆ ಕುತ್ತಿಗೆಯೇ ಉತ್ತರ ಹೇಳುತ್ತದೆ. ಭಾರವಾದ ಕ್ಯಾಮೆರಾ ನಿಧಾನವಾಗಿ ಕಪಾಟು ಸೇರುತ್ತದೆ.

ಎರಡು, ಲೆನ್ಸ್ ಮೋಟಾರು. ಡಿ7200ರ ಒಳಗೆ ಫೋಕಸ್ ಮೋಟಾರು ಇದೆ, ಡಿ5600ರಲ್ಲಿ ಇಲ್ಲ. ಮಾವನೋ ಅಣ್ಣನೋ ಫಿಲಂ ಕಾಲದಲ್ಲಿ ಬಳಸಿದ 50 ಮಿ.ಮೀ. ಎಫ್/1.8 'ಡಿ' ಲೆನ್ಸ್ ಮನೆಯಲ್ಲಿದ್ದರೆ, ಡಿ7200ರಲ್ಲಿ ಅದು ತಾನೇ ಫೋಕಸ್ ಮಾಡುತ್ತದೆ. ಡಿ5600ರಲ್ಲಿ ಕೈಯಿಂದ ತಿರುಗಿಸಬೇಕು. ಹೆಸರಿನಲ್ಲಿ 'ಎಎಫ್-ಎಸ್' ಎಂದಿರುವ ಲೆನ್ಸ್ ಆದರೆ ಎರಡರಲ್ಲೂ ಕೆಲಸ ಮಾಡುತ್ತದೆ.

ಮೂರು, ಗಟ್ಟಿತನ. ಡಿ7200ರ ಸಂದುಗಳಲ್ಲಿ ಧೂಳು, ತೇವ ತಡೆಯುವ ರಬ್ಬರ್ ಇದೆ, ಎರಡು ಕಾರ್ಡು ಹಾಕಬಹುದು, ಒಂದು ಚಾರ್ಜಿಗೆ 1,110 ಚಿತ್ರ ಎಂದು ಕಂಪನಿಯ ಲೆಕ್ಕ. ಡಿ5600ಕ್ಕೆ 970. ಆದರೆ ಬತ್ತೇರಿಯ ಜೂನ್-ಜುಲೈ ಮಳೆಗೆ ಡಿ7200 ಕೂಡ ಉತ್ತರವಲ್ಲ. ಲೆನ್ಸ್‌ಗೆ ಅಂಥ ರಕ್ಷಣೆ ಇಲ್ಲದಿದ್ದರೆ ನೀರು ಅಲ್ಲಿಂದಲೇ ನುಗ್ಗುತ್ತದೆ. ಕೊಡೆ ಬೇಕೇ ಬೇಕು.

ನಾಲ್ಕು, ಪರದೆ. ಡಿ5600ರ ಪರದೆಯನ್ನು ಹೊರಗೆ ತೆಗೆದು ತಿರುಗಿಸಬಹುದು, ಬೆರಳಿನಿಂದ ಮುಟ್ಟಿ ಫೋಕಸ್ ಮಾಡಬಹುದು. ನೆಲದಲ್ಲಿ ಆಡುವ ಮಗುವಿನ ಚಿತ್ರವನ್ನು ಮಂಡಿಯೂರದೆ ತೆಗೆಯಬಹುದು. ಡಿ7200ರದ್ದು ಅಲ್ಲಾಡದ ಪರದೆ.

ಹಾಗಾದರೆ ಯಾವುದು?

ದಿನನಿತ್ಯದ ಫೋಟೋಗೆ ಡಿ5600. ಇದರಲ್ಲಿ ನನಗೆ ಅನುಮಾನವಿಲ್ಲ. ಮದುವೆ ಫೋಟೋ ತೆಗೆದು ನಾಲ್ಕು ಕಾಸು ಸಂಪಾದಿಸುವ ಯೋಚನೆ ಇದ್ದರೆ ಅಥವಾ ಮನೆಯಲ್ಲಿ ಹಳೆಯ ಲೆನ್ಸ್‌ಗಳಿದ್ದರೆ ಡಿ7200. ಮದುವೆಯಲ್ಲಿ ಒಂದು ಕಾರ್ಡು ಕೈಕೊಟ್ಟರೂ ಇನ್ನೊಂದರಲ್ಲಿ ಚಿತ್ರ ಉಳಿಯುತ್ತದೆ. ಅಲ್ಲಿ ತೆಗೆದ ಚಿತ್ರ ಮತ್ತೆ ಸಿಗುವುದಿಲ್ಲವಲ್ಲ.

ಯಾವುದನ್ನು ಕೊಂಡರೂ ಇರುವ ದುಡ್ಡನ್ನೆಲ್ಲ ಬಾಡಿಗೇ ಸುರಿಯಬೇಡಿ. 35 ಮಿ.ಮೀ. ಎಫ್/1.8 'ಜಿ' ಡಿಎಕ್ಸ್ ಲೆನ್ಸ್‌ಗೆ ಸ್ವಲ್ಪ ಎತ್ತಿಡಿ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ ಅದೇ ನೋಟಕ್ಕೆ ಬಿಡುವ ಬೆಳಕಿಗಿಂತ ಇದು ಆರು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. ಹೆಂಚಿನ ಮನೆಯ ಒಳಗೆ, ಸಂಜೆಯ ದೀಪದಲ್ಲಿ ಫ್ಲ್ಯಾಶ್ ಇಲ್ಲದೆ ಅಜ್ಜಿಯ ಮುಖ ಹಿಡಿಯಬೇಕಾದರೆ ಇಂಥದ್ದೇ ಬೇಕು. ಮುತ್ತಂಗ ಸಫಾರಿಯ ಆನೆಗೆ ಮಾತ್ರ ಇದು ಸಾಲದು, ಅದಕ್ಕೆ ಉದ್ದನೆಯ ಲೆನ್ಸ್ ಬೇರೆಯೇ. ಬಂಡೀಪುರ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಆನೆಯ ಫೋಟೋ ತೆಗೆಯಲು ಹೋಗಲೇಬೇಡಿ. ದಂಡ ಇರಲಿ, ಜೀವದ ಪ್ರಶ್ನೆ.

ಕೊಳ್ಳುವ ದಿನ

ಇಲ್ಲಿಯೇ ನಾನು ಮೋಸ ಹೋದದ್ದು. ಪೇಟೆಗೆ ಹೋದವನು ಗೇಟಿನ ಚಿಂತೆಯಲ್ಲಿದ್ದೆ. ಬಂಡೀಪುರದಲ್ಲಿ 2009ರಲ್ಲಿ ಬಂದ ರಾತ್ರಿ ಸಂಚಾರ ನಿರ್ಬಂಧ ನಿಮಗೆ ಗೊತ್ತೇ ಇದೆ, ರಾತ್ರಿ 9ರ ಒಳಗೆ ದಾಟಬೇಕು. ಅವಸರದಲ್ಲಿ ಲೆನ್ಸ್ ನೋಡದೆ ತಂದೆ. ಮನೆಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯಂತೆ ಬೂಷ್ಟು, ನಮ್ಮ ಮಲಯಾಳಿ ನೆರೆಯವರು ಹೇಳುವ ಪೂಪ್ಪಲ್!

ಆದ್ದರಿಂದ ಬೆಳಿಗ್ಗೆಯೇ ಹೊರಡಿ. ಟಾರ್ಚ್, ಒಂದು ಮೆಮೊರಿ ಕಾರ್ಡು ಜೊತೆಗಿರಲಿ. ಲೆನ್ಸ್ ಒಳಗೆ ಬೆಳಕು ಬಿಟ್ಟು ನೋಡಿ. ಬಿಳಿ ಗೋಡೆಯ ಫೋಟೋ ತೆಗೆದು ಕಲೆಗಳಿವೆಯೇ ಎಂದು ನೋಡಿ. ಕ್ಯಾಮೆರಾ ಎಷ್ಟು ಸಲ ಕ್ಲಿಕ್ ಆಗಿದೆ ಎಂಬ ಎಣಿಕೆ ಮೂಲ ಫೋಟೋದ ಫೈಲಿನೊಳಗೇ ಇರುತ್ತದೆ, ಅದನ್ನು ತೋರಿಸುವ ತಂತ್ರಾಂಶಗಳಿವೆ. ಡಿ7200ರ ಶಟರನ್ನು ಕಂಪನಿ 1,50,000 ಕ್ಲಿಕ್‌ಗೆ ಪರೀಕ್ಷಿಸಿದೆ. ಎಣಿಕೆ ಅದರ ಹತ್ತಿರವಿದ್ದರೆ ಬೇಡ. ಬಿಲ್ಲು ಕೇಳಿ ಪಡೆಯಿರಿ.

ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟೇ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಎಲ್ಲಕ್ಕಿಂತ ಒಳ್ಳೆಯ ಮದ್ದೆಂದರೆ ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆಯುವುದು. ಹಗುರದ ಕ್ಯಾಮೆರಾ ಕೊಳ್ಳಿ ಎಂದದ್ದು ಇದಕ್ಕೇ.