ಗುಜರಿಯಿಂದ ಇಂಜಿನ್, ಬಾಯ್ಲರ್ ಮಾತ್ರ ಹೊಸದು

ಗಲ್ಫ್‌ಗೆ ಬಂದ ನಮ್ಮವರಲ್ಲಿ ಫಿಟ್ಟರ್, ವೆಲ್ಡರ್, ಟರ್ನರ್, ಎಸಿ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. ಆದರೆ ಮಾಡಿದ ಕೆಲಸ ಪೂರ್ತಿಯಾಗಿ ಓಡುವುದನ್ನು ನೋಡುವ ಭಾಗ್ಯ ನಮಗೆ ಅಪರೂಪ. ಒಬ್ಬರು ಹತ್ತು ವರ್ಷ ಫ್ಲಾಂಜ್ ಬಿಗಿಯುತ್ತಾರೆ, ಇನ್ನೊಬ್ಬರು ಹದಿನೈದು ವರ್ಷ ಪೈಪ್ ಜಾಯಿಂಟ್ ಹಾಕುತ್ತಾರೆ. ಪ್ಲಾಂಟ್ ಶುರುವಾಗುವ ಹೊತ್ತಿಗೆ ಇಬ್ಬರೂ ಬೇರೆ ಸೈಟ್‌ನಲ್ಲಿರುತ್ತಾರೆ. ನಮ್ಮ ಕೈಯಲ್ಲಿರುವ ಕಸುಬುಗಳನ್ನೆಲ್ಲ ಸೇರಿಸಿ ನಮ್ಮದೇ ಆದ ಒಂದು ಯಂತ್ರ ಮಾಡಬೇಕೆಂದು ಆರು ಜನ ಹೊರಟೆವು. ಆರಿಸಿಕೊಂಡದ್ದು ಉಗಿ ಇಂಜಿನ್. ಇದು ಷೋಕೇಸಿನ ಆಟಿಕೆಯಲ್ಲ. ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಹಿಂದೆ ಮನುಷ್ಯರನ್ನು ಕೂರಿಸಿಕೊಂಡು ಎಳೆಯುವಂಥದು.

ಈ ಹವ್ಯಾಸ ಹಳೆಯದು. ಲಂಡನ್ನಿನಲ್ಲಿ 'ಮಾಡೆಲ್ ಇಂಜಿನಿಯರ್' ಪತ್ರಿಕೆ ಶುರುವಾದದ್ದು 1898ರಲ್ಲಿ. 'ಎಲ್‌ಬಿಎಸ್‌ಸಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರೊಬ್ಬರು, ಅಂಗೈಯಗಲದ ಹಳಿಯ ಮೇಲೆ ಓಡುವ ಇಂಜಿನ್ ಕೂಡ ಕಲ್ಲಿದ್ದಲು ಉರಿಸಿ ದೊಡ್ಡವರನ್ನು ಎಳೆಯಬಲ್ಲದು ಎಂದು 1920ರ ದಶಕದಲ್ಲೇ ಮಾಡಿ ತೋರಿಸಿದರು. ಮನೆಯ ಹಿತ್ತಲಿನ ಷೆಡ್ಡಿನಲ್ಲಿ ಲೇತ್ ಇಟ್ಟುಕೊಂಡವರಿಗೆ ಅಂದಿನಿಂದ ಧೈರ್ಯ ಬಂತು.

ಯಾವ ಇಂಜಿನ್?

ನಮ್ಮಲ್ಲಿ ನಲವತ್ತು ದಾಟಿದವರಿಗೆಲ್ಲ ಮೀಟರ್ ಗೇಜ್ ರೈಲು ನೆನಪಿದೆ. 1990ರ ದಶಕದಲ್ಲಿ ಹಳಿಗಳು ಬ್ರಾಡ್ ಗೇಜ್ ಆಗುತ್ತಾ ಬಂದಂತೆ ಅದು ಮರೆಯಾಯಿತು. ಅದರಲ್ಲಿ ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ವೈಪಿ ಇಂಜಿನ್ನನ್ನೇ ಆರಿಸಿದೆವು. ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಲ್ಲೂ ತಯಾರಾದ ಇಂಜಿನ್ ಅದು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು.

ಲೆಕ್ಕವೂ ಅನುಕೂಲವಾಗಿ ಕೂಡಿಬಂತು. ಮೀಟರ್ ಗೇಜ್ ಹಳಿಯ ಅಗಲ 1000 ಮಿಲಿಮೀಟರ್. ಎಂಟರಿಂದ ಭಾಗಿಸಿದರೆ 125. ಮಾದರಿ ರೈಲುಗಳಿಗೆ ಜಗತ್ತಿನ ಹಲವು ಕಡೆ ಬಳಕೆಯಲ್ಲಿರುವ 5 ಇಂಚಿನ ಹಳಿ ಅಂದರೆ 127. ಎರಡು ಮಿಲಿಮೀಟರಷ್ಟೇ ವ್ಯತ್ಯಾಸ. 4 ಅಡಿ 6 ಇಂಚಿನ ದೊಡ್ಡ ಗಾಲಿ ನಮ್ಮಲ್ಲಿ 171 ಮಿಲಿಮೀಟರ್ ಆಯಿತು. ಟೆಂಡರ್ ಸೇರಿ ಇಂಜಿನ್ನಿನ ಉದ್ದ ಸುಮಾರು 2.4 ಮೀಟರ್, ಕ್ಯಾಂಪಿನ ಮಂಚಕ್ಕಿಂತ ಸ್ವಲ್ಪ ಉದ್ದ. ರಜೆಗೆ ಹೋದವರು ಊರ ಕಡೆ ಸ್ಟೇಷನ್ ಮುಂದೆ ನಿಲ್ಲಿಸಿರುವ ಇಂಜಿನ್ನಿಗೆ ಟೇಪ್ ಹಿಡಿದು ಅಳತೆ ತಂದರು.

ಗುಜರಿಯಲ್ಲಿ ಏನು ಸಿಗುತ್ತದೆ?

ಮೊದಲ ನಿಯಮ: ಕೇಳದೆ ಒಂದು ತುಂಡನ್ನೂ ತರಬಾರದು. ಕಂಪನಿಯ ಗುಜರಿಯೂ ಕಂಪನಿಯ ಸೊತ್ತೇ. ಗೇಟ್ ಪಾಸ್ ಇಲ್ಲದೆ ಹೊರಗೆ ತಂದ ಒಂದು ಕಿಲೋ ತಾಮ್ರಕ್ಕೆ ಕೆಲಸವೇ ಹೋಗಬಹುದು. ಚೀಟಿ ಬರೆಸಿಕೊಂಡೋ, ದುಡ್ಡು ಕೊಟ್ಟೋ ತಂದೆವು.

ದೊಡ್ಡ ಫ್ಲಾಂಜ್ ಕತ್ತರಿಸುವಾಗ ನಡುವೆ ಬೀಳುವ ದುಂಡು ಬಿಲ್ಲೆಗಳೇ ನಮ್ಮ ಗಾಲಿಗಳು. ಲೇತ್‌ನಲ್ಲಿ ತಿರುಗಿಸಿ, ಮಿಲ್ಲಿಂಗ್ ಮಾಡಿ ಕಡ್ಡಿ ಬಿಡಿಸಿದೆವು. ಚಾಸಿಗೆ 6 ಮಿಲಿಮೀಟರ್ ಪ್ಲೇಟಿನ ತುಂಡುಗಳು. ಆಕ್ಸಲ್‌ಗೆ ಹಳೆ ಪಂಪಿನ ಶಾಫ್ಟ್, ಬೇರಿಂಗ್‌ಗೆ ಅದೇ ಪಂಪಿನ ಕಂಚಿನ ಬುಷ್. ಪಿಸ್ಟನ್ ರಾಡ್ ಆದದ್ದು ಕೆಟ್ಟ ವಾಲ್ವಿನ ಸ್ಟೇನ್‌ಲೆಸ್ ಸ್ಟೆಮ್. ಸಿಲಿಂಡರ್ ಆದದ್ದು ಹಳೆ ಮಷೀನಿನ ಬೀಡು ಕಬ್ಬಿಣ. ಎಣ್ಣೆ ಪೈಪ್‌ಗಳಿಗೆ ಸ್ಪ್ಲಿಟ್ ಎಸಿಯ ತಾಮ್ರದ ಕೊಳವೆ. ಬೆಂಕಿ ಆರಿಸುವ ಖಾಲಿ ಸಿಲಿಂಡರಿನ ತಲೆ ಇಂಜಿನ್ ಮೇಲಿನ ಗುಮ್ಮಟಕ್ಕೆ ಮುಚ್ಚಳವಾಯಿತು. ಟೆಂಡರ್‌ಗೆ ಎಸಿ ಡಕ್ಟಿನ ತಗಡು. ಅದು ಗ್ಯಾಲ್ವನೈಸ್ ಆದದ್ದು. ವೆಲ್ಡ್ ಮಾಡಿದರೆ ಸತುವಿನ ಹೊಗೆ ಕುಡಿದು ರಾತ್ರಿ ಜ್ವರ ಬರುತ್ತದೆ. ಹಾಗಾಗಿ ರಿವೆಟ್ ಹೊಡೆದು, ಬೆಸುಗೆ ಹಾಕಿದೆವು.

ತೊಂಬತ್ತು ಡಿಗ್ರಿಯ ಗುಟ್ಟು

ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು ನಿಂತಾಗ ಎಷ್ಟು ಒತ್ತಿದರೂ ಗಾಲಿ ತಿರುಗುವುದಿಲ್ಲ. ಅದಕ್ಕೇ ಬಲಗಡೆಯ ಕ್ರ್ಯಾಂಕ್ ಎಡಗಡೆಯದಕ್ಕಿಂತ 90 ಡಿಗ್ರಿ ಮುಂದಿರುತ್ತದೆ. ಒಂದು ಕಡೆ ಬಲ ಸತ್ತಾಗ ಇನ್ನೊಂದು ಕಡೆ ಪೂರ್ತಿ ಬಲ. ಎರಡು ಸಿಲಿಂಡರ್, ಪ್ರತಿಯೊಂದಕ್ಕೂ ಎರಡು ತುದಿ. ಗಾಲಿಯ ಒಂದು ಸುತ್ತಿಗೆ ನಾಲ್ಕು 'ಛುಕ್'. ಮೂರು ಆಕ್ಸಲ್‌ಗಳಲ್ಲೂ ಈ ಕೋನ ಒಂದೇ ಆಗಿರಬೇಕು, ಇಲ್ಲದಿದ್ದರೆ ಗಾಲಿಗಳನ್ನು ಜೋಡಿಸುವ ರಾಡ್ ಬಿಗಿದುಕೊಳ್ಳುತ್ತದೆ. ನಮ್ಮ ಟರ್ನರ್ ಅಣ್ಣ ಒಂದು ಜಿಗ್ ಮಾಡಿ ಮೂರನ್ನೂ ಅದರಲ್ಲೇ ಕೂರಿಸಿದರು.

ಆವಿಯನ್ನು ಹೊತ್ತಿಗೆ ಸರಿಯಾಗಿ ಒಳಬಿಡುವ ಕೆಲಸ ವಾಲ್ವ್ ಗೇರಿನದು. ವೈಪಿಯಲ್ಲಿರುವುದು ಬೆಲ್ಜಿಯಂನ ವಾಲ್‌ಶಾರ್ಟ್ಸ್ 1844ರಲ್ಲಿ ಕಂಡುಹಿಡಿದ ವ್ಯವಸ್ಥೆ. ಇದನ್ನು ಹೊಂದಿಸಲು ಬೆಂಕಿ ಬೇಕಿಲ್ಲ, ಏರ್ ಕಂಪ್ರೆಸರ್ ಸಾಕು. ಗಾಳಿಯಲ್ಲೇ ಗಾಲಿ ತಿರುಗಿ ನಾಲ್ಕೂ ಸದ್ದು ಒಂದೇ ಸಮ ಕೇಳಿದ ದಿನ ಗ್ಯಾರೇಜಿನ ಪಕ್ಕದ ಪಠಾಣರೂ ಬಂದು ನಿಂತರು.

ಬಾಯ್ಲರ್ ವಿಚಾರ

ಇಲ್ಲಿಯವರೆಗೆ ಎಲ್ಲವೂ ಗುಜರಿ. ಬಾಯ್ಲರನ್ನೂ ಹಳೆ ಗ್ಯಾಸ್ ಸಿಲಿಂಡರಿನಲ್ಲೇ ಮಾಡಿಬಿಡೋಣ ಎಂಬ ಮಾತು ಬಂತು. ದೊಡ್ಡ ಚರ್ಚೆಯೇ ಆಯಿತು. ಕೊನೆಗೆ ರಿಫೈನರಿಯಲ್ಲಿ ಕೆಲಸ ಮಾಡುವ ಪೈಪ್ ಫಿಟ್ಟರ್ ಒಂದೇ ಪ್ರಶ್ನೆ ಕೇಳಿದರು: "ಇದರ ಹೀಟ್ ನಂಬರ್ ಎಲ್ಲಿದೆ?" ಎಲ್ಲರೂ ಸುಮ್ಮನಾದೆವು.

ಯಾಕೆಂದು ಲೆಕ್ಕ ನೋಡಿ. ನಮ್ಮ ಬಾಯ್ಲರಿನ ಒತ್ತಡ 80 ಪಿಎಸ್‌ಐ. ಆ ಒತ್ತಡದಲ್ಲಿ ನೀರು ಸುಮಾರು 160 ಡಿಗ್ರಿವರೆಗೆ ಕುದಿಯದೆ ಕಾಯುತ್ತದೆ. ಗೋಡೆ ಬಿರಿದರೆ ಅದರ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ನೀರು ಆ ಕ್ಷಣದಲ್ಲೇ ಆವಿಯಾಗುತ್ತದೆ. ಹತ್ತು ಲೀಟರ್ ನೀರಿದ್ದರೆ ಒಂದೂವರೆ ಸಾವಿರ ಲೀಟರಿಗಿಂತ ಹೆಚ್ಚು ಆವಿ. ಇಂಜಿನ್ನಿನ ಹಿಂದೆ ಕೂರುವವರು ನಮ್ಮ ಮಕ್ಕಳು. ಒಳಗೆ ಎಷ್ಟು ತುಕ್ಕು ತಿಂದಿದೆಯೋ, ಯಾವ ಉಕ್ಕೋ ಗೊತ್ತಿಲ್ಲದ ಸಿಲಿಂಡರನ್ನು ನಂಬಿ ಬೆಂಕಿ ಹಾಕುವುದು ಕಸುಬು ಕಲಿತವರ ಕೆಲಸವಲ್ಲ.

ಆರೂ ಜನ ದುಡ್ಡು ಹಾಕಿ, ಸರ್ಟಿಫಿಕೇಟ್ ಇರುವ ತಾಮ್ರದ ಕೊಳವೆ, ಹಾಳೆ ಕೊಂಡೆವು. ಬೆಸುಗೆಗೆ ನಮ್ಮ ಎಸಿ ಮೆಕ್ಯಾನಿಕ್ ತಮ್ಮನೇ ನಾಯಕ. ಆದರೆ ಎಸಿ ಕೆಲಸದ ಫಾಸ್ಫರಸ್ ಇರುವ ರಾಡ್ ಇಲ್ಲಿ ಬೇಡ. ಕಲ್ಲಿದ್ದಲಿನ ಗಂಧಕ ಅದನ್ನು ತಿನ್ನುತ್ತದೆ. ಕ್ಯಾಡ್ಮಿಯಂ ಇಲ್ಲದ ಬೆಳ್ಳಿಯ ಬೆಸುಗೆಯೇ ಬೇಕು. ಬಾಯ್ಲರಿನ ಬುಷ್‌ಗಳಿಗೆ ಹಿತ್ತಾಳೆ ಬಳಸಲಿಲ್ಲ. ಬಿಸಿನೀರಿನಲ್ಲಿ ಅದರ ಸತು ಕರಗಿ ಲೋಹ ಪೊಳ್ಳಾಗುತ್ತದೆ. ಕಂಚು ಹಾಕಿದೆವು. ಎರಡು ಸೇಫ್ಟಿ ವಾಲ್ವ್, ನೀರು ತುಂಬಲು ಎರಡು ದಾರಿ, ನೀರಿನ ಮಟ್ಟ ತೋರಿಸುವ ಗಾಜು.

ಆಮೇಲೆ ನಮಗೆಲ್ಲ ಗೊತ್ತಿರುವ ಹೈಡ್ರೋ ಟೆಸ್ಟ್. ತಣ್ಣೀರು ತುಂಬಿ, ಗಾಳಿ ಪೂರ್ತಿ ಬಿಟ್ಟು, ಕೈಪಂಪಿನಿಂದ ಎರಡರಷ್ಟು ಒತ್ತಡ, ಅಂದರೆ 160 ಪಿಎಸ್‌ಐ. ನೀರು ಕುಗ್ಗುವುದಿಲ್ಲ, ಸೋತರೆ ಜಿನುಗುತ್ತದೆ, ಸಿಡಿಯುವುದಿಲ್ಲ. ಗೇಜಿನ ಮುಳ್ಳು ಅರ್ಧ ಗಂಟೆ ಅಲುಗಾಡಲಿಲ್ಲ.

ಇಂಜಿನ್ ಯಾರದು?

ಮೂರು ವರ್ಷದಲ್ಲಿ ಆರು ಜನರಲ್ಲಿ ಇಬ್ಬರು ಫೈನಲ್ ಎಕ್ಸಿಟ್ ಆಗಿ ಊರಿಗೆ ಹೋದರು. ಅವರು ಮಾಡಿದ ಗಾಲಿ, ಅವರು ಕೊರೆದ ಸಿಲಿಂಡರ್ ಇಲ್ಲೇ ಇವೆ. ಇಲ್ಲಿ ಯಾರ ಸರದಿ ಯಾವಾಗ ಎಂದು ಹೇಳಲಾಗದು. ಅದಕ್ಕೇ ಮೊದಲ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಪ್ರತಿ ಭಾಗದ ಅಳತೆ, ಅದು ಯಾವ ಗುಜರಿಯಿಂದ ಬಂತು, ಮಾಡಿದವರು ಯಾರು, ಎಲ್ಲವೂ ಕನ್ನಡದಲ್ಲಿದೆ. ಒಬ್ಬರು ಹೋದರೆ ಇನ್ನೊಬ್ಬರು ಅದೇ ಪುಟದಿಂದ ಮುಂದುವರಿಸುತ್ತಾರೆ. ಕೊನೆಯವರು ಹೊರಡುವಾಗ ಇಂಜಿನ್ನನ್ನೂ ನೋಟ್‌ಬುಕ್ಕನ್ನೂ ಸೀ ಕಾರ್ಗೋದಲ್ಲಿ ಕಳಿಸಿ, ಊರಿನ ಒಂದು ಐಟಿಐಗೆ ಕೊಡುವುದೆಂದು ತೀರ್ಮಾನಿಸಿದ್ದೇವೆ. ಅಲ್ಲಿನ ಹುಡುಗರು ಬಿಚ್ಚಿ ನೋಡಲಿ, ಮತ್ತೆ ಜೋಡಿಸಲಿ.

ಈಗ ಬಾಕಿ ಇರುವುದು ಹೊಗೆಪೆಟ್ಟಿಗೆ, ಬ್ರೇಕ್, ಬಣ್ಣ. ಲೇತ್ ಬಲ್ಲವರು, ಫೈಲ್ ಹಿಡಿಯಬಲ್ಲವರು, ಏನೂ ಬಾರದಿದ್ದರೂ ಕಲಿಯಬೇಕೆನ್ನುವವರು ರಜೆಯ ದಿನ ಬನ್ನಿ. ಸಂಘದ ಪದಾಧಿಕಾರಿಗಳನ್ನು ಕೇಳಿದರೆ ಜಾಗ ಹೇಳುತ್ತಾರೆ. ಸೇಫ್ಟಿ ಷೂ ಹಾಕಿಕೊಂಡು ಬನ್ನಿ; ಚಹಾ ನಮ್ಮದು.