ಫರ್ಮಾನ ಆರನೆಯ ಸಂಖ್ಯೆ

ನಾವು ಈ ಬಾರಿ ವಾಚಕರ ಮುಂದಿಡುವುದು ಒಂದೇ ಒಂದು ಸಂಖ್ಯೆಯನ್ನು: ೪,೨೯,೪೯,೬೭,೨೯೭. ಬಾಯಲ್ಲಿ ಹೇಳುವುದಾದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಇದು ಅವಿಭಾಜ್ಯವೆ, ಅಲ್ಲವೆ?

೨, ಅದರ ವರ್ಗ, ಆ ವರ್ಗದ ವರ್ಗ, ಹೀಗೆ ಮುಂದುವರಿದರೆ ೨, ೪, ೧೬, ೨೫೬, ೬೫೫೩೬ ದೊರೆಯುತ್ತವೆ. ಒಂದೊಂದಕ್ಕೂ ೧ನ್ನು ಕೂಡಿಸೋಣ: ೩, ೫, ೧೭, ೨೫೭, ೬೫೫೩೭. ಐದೂ ಅವಿಭಾಜ್ಯಗಳೇ! ಫ್ರಾನ್ಸಿನ ತುಲೂಸ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದು, ಬಿಡುವಿನ ವೇಳೆಯನ್ನು ಗಣಿತಕ್ಕೆ ಮೀಸಲಿಟ್ಟಿದ್ದ ಪಿಯೆರ್ ಫರ್ಮಾ, ಈ ಸಾಲು ಎಷ್ಟು ದೂರ ಬೆಳೆದರೂ ಅವಿಭಾಜ್ಯಗಳನ್ನೇ ಕೊಡುವುದೆಂದು ೧೬೪೦ರಲ್ಲಿ ನಂಬಿದನು. ಅದನ್ನು ಸಾಧಿಸುವ ದಾರಿ ಮಾತ್ರ ತನಗೆ ದೊರೆತಿಲ್ಲವೆಂದು ಅವನೇ ಬರೆದನು. ಸಾಲಿನಲ್ಲಿ ಆರನೆಯದು ೨ರ ೩೨ನೆಯ ಘಾತಕ್ಕೆ ೧ನ್ನು ಕೂಡಿಸಿದುದು. ಅದೇ ನಮ್ಮ ಸಂಖ್ಯೆ.

ಭಾಗಿಸಿ ನೋಡಿದರಾಯಿತಲ್ಲ ಎನ್ನಬಹುದು. ಇದರ ವರ್ಗಮೂಲ ಸುಮಾರು ೬೫೫೩೬. ಅದರೊಳಗಿನ ಅವಿಭಾಜ್ಯಗಳೇ ೬೫೪೨ ಇವೆ. ಕಾಗದ ಲೇಖನಿಗಳಿಂದ ಅಷ್ಟು ಭಾಗಾಕಾರ ಮಾಡುವ ತಾಳ್ಮೆ ಯಾರಿಗಿದ್ದೀತು? ೧೭೩೨ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆಯ್ಲರ್ ಉತ್ತರವನ್ನು ಕೊಟ್ಟನು: ೬೪೧ × ೬೭,೦೦,೪೧೭. ಇದರ ಅವಿಭಾಜ್ಯ ಭಾಜಕ ಯಾವುದಾದರೂ ಇದ್ದರೆ, ಅದನ್ನು ೬೪ರಿಂದ ಭಾಗಿಸಿದಾಗ ೧ ಶೇಷ ಉಳಿಯಲೇಬೇಕೆಂಬುದನ್ನು ಅವನು ಅನಂತರ ಸಾಧಿಸಿದನು. ಈ ನಿಯಮವನ್ನು ಹಿಡಿದು ಹೊರಟರೆ ೧೯೩, ೨೫೭, ೪೪೯, ೫೭೭ ಸೋಲುತ್ತವೆ, ಐದನೆಯದೇ ೬೪೧!

ಉದ್ದದ ಭಾಗಾಕಾರವಿಲ್ಲದೆಯೇ ಇದನ್ನು ಮನಗಾಣಬಹುದು. ೬೪೧ ಎಂದರೆ ೬೨೫ + ೧೬. ಎಲ್ಲವನ್ನೂ ೨ರ ೨೮ನೆಯ ಘಾತದಿಂದ, ಎಂದರೆ ೧೨೮ರ ನಾಲ್ಕನೆಯ ಘಾತದಿಂದ, ಗುಣಿಸೋಣ. ೬೨೫ ಎಂಬುದು ೫ರ ನಾಲ್ಕನೆಯ ಘಾತವಾದುದರಿಂದ ಮೊದಲ ಭಾಗ ೬೪೦ರ ನಾಲ್ಕನೆಯ ಘಾತವಾಗುತ್ತದೆ. ಎರಡನೆಯದು ೨ರ ೩೨ನೆಯ ಘಾತ. ಇವೆರಡರ ಮೊತ್ತವನ್ನು ೬೪೧ ನಿಶ್ಶೇಷವಾಗಿ ಭಾಗಿಸುತ್ತದೆ. ಇತ್ತ, ೬೪೦ರ ನಾಲ್ಕನೆಯ ಘಾತದಿಂದ ೧ನ್ನು ಕಳೆದರೆ ಬರುವುದನ್ನೂ ೬೪೧ ಭಾಗಿಸುತ್ತದೆ. ೬೪೦ + ೧ ಅದರ ಅಪವರ್ತನವೆಂಬುದು ಶಾಲೆಯ ಬೀಜಗಣಿತ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿಯುವುದು ನಮ್ಮ ಸಂಖ್ಯೆಯೇ.

ಫರ್ಮಾನ ಊಹೆ ಬಿದ್ದರೂ ಸಾಲು ಬೆಲೆಗೆಡಲಿಲ್ಲ. ೧೭೯೬ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗೌಸ್, ೧೭ ಸಮಭುಜಗಳ ಕ್ರಮಾಕೃತಿಯನ್ನು ಅಳತೆಪಟ್ಟಿ ಕೈವಾರಗಳಿಂದಲೇ ರಚಿಸಬಹುದೆಂದು ತೋರಿಸಿದನು. ಭುಜಗಳ ಸಂಖ್ಯೆ ಬೆಸ ಅವಿಭಾಜ್ಯವಾಗಿದ್ದರೆ, ಅದು ಈ ಸಾಲಿನದಾದಾಗ ಮಾತ್ರ ಅಂಥ ರಚನೆ ಸಾಧ್ಯ. ಜರ್ಮನಿಯ ಹರ್ಮೆಸ್ ಎಂಬಾತ ೬೫೫೩೭ ಭುಜಗಳ ಆಕೃತಿಯ ಲೆಕ್ಕಕ್ಕಾಗಿ ಹತ್ತು ವರ್ಷ ಸವೆಸಿದನು. ಆ ಆಕೃತಿಯನ್ನು ವೃತ್ತವಲ್ಲವೆಂದು ಗುರುತಿಸುವ ಕಣ್ಣು ಯಾವುದೋ!

ಫರ್ಮಾ ಕಂಡ ಐದರಾಚೆಗೆ ಒಂದು ಅವಿಭಾಜ್ಯವೂ ಇಂದಿನವರೆಗೆ ದೊರೆತಿಲ್ಲ. ಆರನೆಯದರಿಂದ ಮೂವತ್ತಮೂರನೆಯದರವರೆಗೆ ಎಲ್ಲವೂ ವಿಭಾಜ್ಯವೆಂದು ತಿಳಿದುಬಂದಿದೆ. ಇಪ್ಪತ್ತೊಂದನೆಯದರ ಸಂಗತಿ ವಿಚಿತ್ರ: ವಿಭಾಜ್ಯವೆಂಬುದು ಸಿದ್ಧವಾಗಿದ್ದರೂ ಅದರ ಒಂದು ಅಪವರ್ತನವೂ ಕೈಗೆ ಸಿಕ್ಕಿಲ್ಲ. ಮೂವತ್ತನಾಲ್ಕನೆಯದರಲ್ಲಿ ೨೫೮ ಕೋಟಿಗೂ ಹೆಚ್ಚು ಅಂಕಗಳಿವೆ. ಅದು ಯಾವ ಪಂಗಡದ್ದೆಂಬುದನ್ನು ಗಣಕಯಂತ್ರಗಳೂ ಇನ್ನೂ ಹೇಳಿಲ್ಲ.