ಹೆಬ್ಬೆಟ್ಟಿಗೂ ಒಂದು ಬೀಗ

ರಾತ್ರಿ ಮಲಗುವ ಮುನ್ನ ಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡುವುದು ನಮ್ಮ ಮನೆಗಳ ವಾಡಿಕೆ. ಆದರೆ ಈಗಿನ ಕಳ್ಳನೊಬ್ಬನಿದ್ದಾನೆ. ಅವನು ಬಾಗಿಲಿಗೆ ಬರುವುದೇ ಇಲ್ಲ. ನಮ್ಮ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚುಗಳನ್ನು ಎಲ್ಲಿಂದಲೋ ದೊರಕಿಸಿಕೊಂಡು, ನಾವೇ ತಾನೆಂದು ಸಾಧಿಸಿ, ನಮ್ಮ ಹಣಕ್ಕೆ ಕೈಹಾಕುತ್ತಾನೆ.

ಇದನ್ನು ನಾನು ಅರಿತದ್ದು ನಮ್ಮ ಚಿಕ್ಕಮ್ಮನಿಂದ. ವೆಸ್ಟ್ ಮಾಂಬಲಂನಲ್ಲಿ, ಅಯೋಧ್ಯಾ ಮಂಟಪದಿಂದ ನಾಲ್ಕು ಹೆಜ್ಜೆಯ ದೂರದಲ್ಲಿ ಅವರೊಬ್ಬರೇ ಇದ್ದಾರೆ. ಕುಟುಂಬ ಪಿಂಚಣಿಯೇ ಅವರ ಜೀವನಾಧಾರ. ಒಂದು ದಿನ ಪಾಸ್‌ಪುಸ್ತಕ ಬರೆಸಿ ನೋಡಿದರೆ ಹತ್ತು ಸಾವಿರ ರೂಪಾಯಿ ಕಡಿಮೆ! ಅವರು ನನಗೆ ಹೇಳಿದ್ದು ಎಂಟು ದಿನಗಳ ಮೇಲೆ.

“ಆಗಲೇ ಹೇಳಬಾರದಾಗಿತ್ತೆ, ಚಿಕ್ಕಮ್ಮ?”

“ನಾನೇ ಏನೋ ತಪ್ಪು ಮಾಡಿರಬೇಕು ಅಂದುಕೊಂಡೆ ಕಣೋ. ಯಾರಿಗೂ ಓಟಿಪಿ ಹೇಳಲಿಲ್ಲ. ಮುದುಕಿಗೆ ಮರೆವು ಅಂತ ನೀವೆಲ್ಲ ನಗುತ್ತೀರಿ ಅಂತ ಸುಮ್ಮನಿದ್ದೆ.”

ಪಾಪ, ಅವರು ತಪ್ಪೇನೂ ಮಾಡಿರಲಿಲ್ಲ. ಆಧಾರ್ ಮೂಲಕ ಹಣ ಪಡೆಯುವ ಏರ್ಪಾಡೊಂದುಂಟು. ಹಳ್ಳಿಯ ಬ್ಯಾಂಕ್ ಪ್ರತಿನಿಧಿಯ ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ತಿಳಿದಿದ್ದರೆ ಓಟಿಪಿಯ ಅಗತ್ಯವೇ ಇಲ್ಲ. ಬ್ಯಾಂಕು ದೂರವಿರುವ ಬಡವರಿಗೆ ಇದು ಉಪಕಾರಿಯೇ. ಆದರೆ 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಇದೇ ದಾರಿಯಲ್ಲಿ ಹಣ ಹೋಯಿತು. ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿದರೆಂಬ ಶಂಕೆ ಹುಟ್ಟಿತು. ಗುಟ್ಟಿನ ಸಂಖ್ಯೆಯನ್ನು ಬದಲಾಯಿಸಬಹುದು, ಹೆಬ್ಬೆಟ್ಟನ್ನು ಬದಲಾಯಿಸುವುದುಂಟೆ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಹಕ್ಕೇನೋ ದೊರಕಿತು, ದಿನದಿನದ ಕಾವಲು ಮಾತ್ರ ನಮ್ಮದೇ.

ಆ ಕಾವಲು ಕಷ್ಟದ್ದೇನಲ್ಲ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು. ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಯಾವಾಗ ಬಳಕೆಯಾಯಿತೆಂಬ ಪಟ್ಟಿಯೂ ಅಲ್ಲಿ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪೂರ್ತಿ ಪ್ರತಿ ತೆಗೆಸುವ ಬದಲು, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಕೊಟ್ಟರೆ ಅನೇಕ ಕಡೆ ಸಾಕಾಗುತ್ತದೆ. ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಖ್ಯೆಗಳಿವೆಯೆಂದು ಸರ್ಕಾರದ ‘ಸಂಚಾರ್ ಸಾಥಿ’ ತಿಳಿಸುತ್ತದೆ. ನಾವು ಮಾಡದ ಸಾಲವೇನಾದರೂ ನಮ್ಮ ತಲೆಯ ಮೇಲಿದೆಯೇ ಎಂದು ನೋಡಲು, ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಒಂದೊಂದು ಸಂಸ್ಥೆಯದನ್ನು ಮೂರು ತಿಂಗಳಿಗೊಮ್ಮೆ ತರಿಸಿದರೆ ವರ್ಷವಿಡೀ ಕಾವಲಿದ್ದಂತಾಯಿತು.

ಹಣ ಹೋದುದು ತಿಳಿದೊಡನೆ ಬ್ಯಾಂಕಿಗೂ 1930ಕ್ಕೂ ತಿಳಿಸಬೇಕು. ಹಣ ಕೈಯಿಂದ ಕೈಗೆ ದಾಟುವ ಮುನ್ನ ತಡೆಹಿಡಿಯಲು ಅವಕಾಶವಿರುತ್ತದೆ. ಚಿಕ್ಕಮ್ಮನ ಎಂಟು ದಿನ ಹೋದದ್ದು ನಾಚಿಕೆಯಲ್ಲಿ. ಅವರ ಹಣ ಇನ್ನೂ ಬಂದಿಲ್ಲ. ಅವರ ಭಯಕ್ಕೆ ನಮ್ಮ ಪರಿಹಾಸ್ಯವೇ ಕಾರಣವಲ್ಲವೇ ಎಂದು ನನಗೆ ಇಂದಿಗೂ ಚುಚ್ಚುತ್ತದೆ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಕಾಫಿಯಾದ ಮೇಲೆ ನನ್ನ ಮಗಳು ಅವರ ಪಕ್ಕದಲ್ಲಿ ಕುಳಿತು ಪಟ್ಟಿಯನ್ನು ಓದಿ ಹೇಳುತ್ತಾಳೆ. ಚಿಕ್ಕಮ್ಮ ಪಂಚಾಂಗದ ಪಕ್ಕದಲ್ಲಿಟ್ಟಿರುವ ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ಮಾತ್ರ ಬೀಗ ತೆಗೆಸುತ್ತಾರೆ. ಮೊನ್ನೆ ಮನೆಗೆ ಹೋದಾಗ ಅವರೇ ನನ್ನನ್ನು ಕೇಳಿದರು:

“ನಿನ್ನ ಹೆಬ್ಬೆಟ್ಟಿಗೆ ಬೀಗ ಹಾಕಿದೆಯೇನೋ?”

ಹಾಕಿರಲಿಲ್ಲ. ಅಂದೇ ಹಾಕಿದೆ. ವಾಚಕರೇ, ತಾವು?